ಸ್ವಾಯತ್ತ ನರಮಂಡಲದ ಪರೀಕ್ಷೆ ಮತ್ತು ಹೃದಯ ಲಯದ ಅಪಾಯ: ಮಾಡುವುದು ಹೇಗೆ, ಅಂಕಿಗಳನ್ನು ಓದುವುದು ಹೇಗೆ

ಹೃದಯಕ್ಕೆ ಬರುವ ನರಗಳ ಪ್ರಭಾವವನ್ನು ಔಷಧಿಯಿಂದ ಪೂರ್ತಿ ತಡೆದರೆ ಯುವ ವಯಸ್ಕರ ಎದೆಬಡಿತ ನಿಮಿಷಕ್ಕೆ 100ರ ಆಸುಪಾಸಿಗೆ ಹೋಗುತ್ತದೆ. ಸುಮ್ಮನೆ ಮಲಗಿದಾಗ ಅದು 60–70ರಲ್ಲಿ ಇರುವುದಕ್ಕೆ ವೇಗಸ್ ನರ ಸದಾ ಬ್ರೇಕಿನ ಮೇಲೆ ಕಾಲಿಟ್ಟಿರುವುದೇ ಕಾರಣ. ಎದ್ದು ನಿಂತಾಗ, ಮೆಟ್ಟಿಲು ಹತ್ತುವಾಗ, ಹೆದರಿದಾಗ ಮೊದಲು ಬ್ರೇಕ್ ಸಡಿಲವಾಗುತ್ತದೆ, ಆಮೇಲೆ ಸಿಂಪಥೆಟಿಕ್ ನರಗಳು ವೇಗ ಕೊಡುತ್ತವೆ. ವೇಗಸ್ ಒಂದೇ ಬಡಿತದೊಳಗೆ ಪರಿಣಾಮ ತೋರಿಸಬಲ್ಲದು. ಸಿಂಪಥೆಟಿಕ್ ನರಗಳಿಗೆ ಹಲವು ಸೆಕೆಂಡು ಬೇಕು. ಮುಂದೆ ಬರುವ ಪರೀಕ್ಷೆಗಳಲ್ಲಿ ಹಲವು ಈ ವ್ಯತ್ಯಾಸವನ್ನೇ ಬಳಸಿಕೊಳ್ಳುತ್ತವೆ.

ಲಯ ತಪ್ಪುವುದಕ್ಕೂ ಇದಕ್ಕೂ ಏನು ಸಂಬಂಧ? ಫ್ರಾನ್ಸಿನ ಹೃದ್ರೋಗ ತಜ್ಞ ಫಿಲಿಪ್ ಕುಮೆಲ್ ಅದನ್ನು ಒಂದು ತ್ರಿಕೋನವಾಗಿ ವಿವರಿಸಿದರು: ಹದಗೆಟ್ಟ ಸ್ನಾಯು, ಅಕಾಲಿಕ ಬಡಿತ, ಅವೆರಡನ್ನೂ ಹದ ಮಾಡುವ ಸ್ವಾಯತ್ತ ನರಮಂಡಲ, ಅಂದರೆ ಮೇಲೆ ಹೇಳಿದ ವೇಗಸ್ ಮತ್ತು ಸಿಂಪಥೆಟಿಕ್ ನರಗಳ ಜಾಲ. ಒಣಹುಲ್ಲು, ಕಿಡಿ, ಗಾಳಿ ಎಂದು ನೆನಪಿಟ್ಟುಕೊಳ್ಳಬಹುದು. ಇಲ್ಲಿರುವ ಹೆಚ್ಚಿನ ಪರೀಕ್ಷೆಗಳು ಗಾಳಿಯನ್ನಷ್ಟೇ ಅಳೆಯುತ್ತವೆ. ಹುಲ್ಲು ಎಷ್ಟಿದೆ ಎಂದು ಗೊತ್ತಿಲ್ಲದೆ ಗಾಳಿಯ ಅಂಕಿಯೊಂದನ್ನೇ ಹಿಡಿದು ತೀರ್ಪು ಕೊಡುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು.

ಮೊದಲು ಯಾರಿಗೆ ಬೇಡ ಎಂದು ನೋಡಿ

ಓಡುವಾಗಲೋ ಈಜುವಾಗಲೋ ಪ್ರಜ್ಞೆ ತಪ್ಪಿದವರು, ಎದೆನೋವಿನ ಜೊತೆ ಕುಸಿದು ಬಿದ್ದವರು, ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಕಂಡವರು ಮೊದಲು ಹೃದ್ರೋಗ ತಜ್ಞರ ಬಳಿ ಹೋಗಬೇಕು. ಅವರಿಗೆ ಈ ಪರೀಕ್ಷೆಗಳ ಸರದಿ ಆಮೇಲೆ.

ತಿಣುಕುವ ಪರೀಕ್ಷೆ, ಅಂದರೆ ವಲ್ಸಾಲ್ವಾ, ಕಣ್ಣಿನ ರಕ್ತನಾಳ ಮತ್ತು ಮಹಾಪಧಮನಿಯ ಮೇಲೆ ಒತ್ತಡ ಹಾಕುತ್ತದೆ. ಮಧುಮೇಹದಿಂದ ಅಕ್ಷಿಪಟಲದಲ್ಲಿ ಹೊಸ ರಕ್ತನಾಳ ಬೆಳೆದವರಿಗೆ, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದವರಿಗೆ, ಹೊಸದಾಗಿ ಹೃದಯಾಘಾತ ಆದವರಿಗೆ, ಮಹಾಪಧಮನಿ ಉಬ್ಬಿರುವವರಿಗೆ ಅದನ್ನು ಮಾಡಿಸಬೇಡಿ. ಮಧುಮೇಹಿಗಳಲ್ಲೇ ಈ ಪರೀಕ್ಷೆ ಹೆಚ್ಚು ಬಳಕೆಯಾಗುವುದರಿಂದ ಕಣ್ಣಿನ ವರದಿ ಕೈಯಲ್ಲಿದ್ದರೆ ಒಳ್ಳೆಯದು.

ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ಲಯವಿಲ್ಲದೆ ಕಂಪಿಸುವ ಸ್ಥಿತಿ) ಇರುವಾಗ, ಪೇಸ್‌ಮೇಕರ್ ಬಡಿತ ಕೊಡುತ್ತಿರುವಾಗ, ಅಕಾಲಿಕ ಬಡಿತಗಳು ತುಂಬ ಇರುವಾಗ ಬಡಿತದ ಏರಿಳಿತಕ್ಕೆ ಅರ್ಥವೇ ಇರುವುದಿಲ್ಲ. ಇವರಲ್ಲಿ ರಕ್ತದೊತ್ತಡದ ಪರೀಕ್ಷೆಗಳನ್ನು ಮಾತ್ರ ಮಾಡಿ.

ತಯಾರಿ: ಅರ್ಧ ಫಲಿತಾಂಶ ಇಲ್ಲೇ ನಿರ್ಧಾರ

ಹಿಂದಿನ ರಾತ್ರಿಯಿಂದ ಕಾಫಿ, ಚಹಾ, ತಂಬಾಕು, ಮದ್ಯ ಬೇಡ. ಊಟವಾಗಿ ಕನಿಷ್ಠ 2–3 ಗಂಟೆ ಕಳೆದಿರಲಿ. ಉಂಡ ಕೂಡಲೇ ರಕ್ತ ಕರುಳಿನ ಕಡೆ ಹರಿಯುತ್ತದೆ, ಆಗ ನಿಂತಾಗಿನ ಬಿಪಿ ಇಳಿಕೆ ಸುಳ್ಳೇ ದೊಡ್ಡದಾಗಿ ಕಾಣುತ್ತದೆ. ಹಿಂದಿನ ದಿನ ಕಠಿಣ ವ್ಯಾಯಾಮವೂ ಬೇಡ. ಮಧುಮೇಹಿಗಳಲ್ಲಿ ಸಕ್ಕರೆ ಇಳಿದಿರುವಾಗ ಪರೀಕ್ಷೆ ಮಾಡಬಾರದು, ಏಕೆಂದರೆ ಆ ಸ್ಥಿತಿಯೇ ಸಿಂಪಥೆಟಿಕ್ ನರಗಳನ್ನು ಕೆರಳಿಸುತ್ತದೆ. ಮೂತ್ರಕೋಶ ಖಾಲಿ ಇರಲಿ. ಇದು ಸಣ್ಣ ಮಾತೆನಿಸಬಹುದು, ಆದರೆ ತುಂಬಿದ ಮೂತ್ರಕೋಶ ಬಿಪಿಯನ್ನು ಏರಿಸುತ್ತದೆ.

ಮಾತ್ರೆಗಳ ಪಟ್ಟಿ ಬರೆದುಕೊಳ್ಳಿ. ಬೀಟಾ ಬ್ಲಾಕರ್, ಆಲ್ಫಾ ಬ್ಲಾಕರ್, ಖಿನ್ನತೆಗೆ ಕೊಡುವ ಟ್ರೈಸೈಕ್ಲಿಕ್ ಮಾತ್ರೆ, ನೆಗಡಿಗೆ ನುಂಗುವ ಹಳೆಯ ಕಾಲದ ಆಂಟಿಹಿಸ್ಟಮಿನ್, ಮೂತ್ರ ಹೆಚ್ಚಿಸುವ ಮಾತ್ರೆ ಎಲ್ಲವೂ ಫಲಿತಾಂಶವನ್ನು ತಿರುಚುತ್ತವೆ. ಪರೀಕ್ಷೆಗೋಸ್ಕರ ಬೀಟಾ ಬ್ಲಾಕರನ್ನು ಯಾರೂ ತಾವಾಗಿಯೇ ನಿಲ್ಲಿಸಬಾರದು. ಥಟ್ಟನೆ ನಿಲ್ಲಿಸಿದರೆ ಎದೆನೋವು, ಲಯದೋಷ ಮರುಕಳಿಸಬಹುದು. ನಿಲ್ಲಿಸಬೇಕೇ ಬೇಡವೇ ಎಂದು ಬರೆದುಕೊಟ್ಟ ವೈದ್ಯರು ಹೇಳಲಿ. ನಿಲ್ಲಿಸಲಾಗದಿದ್ದರೆ 'ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಮಾಡಿದ್ದು' ಎಂದು ವರದಿಯಲ್ಲಿ ನಮೂದಿಸಿದರೆ ಆಯಿತು.

ಕೋಣೆ ಸುಮಾರು 22–24 ಡಿಗ್ರಿ ಸೆಲ್ಸಿಯಸ್, ಬೆಳಕು ಮಂದ, ಫೋನ್ ಮೌನ. ಮಲಗಿಸಿ 10 ನಿಮಿಷ ಬಿಡಿ. ಇಸಿಜಿ ಯಂತ್ರ ಕಂಪ್ಯೂಟರಿನದಾದರೆ ಸೆಕೆಂಡಿಗೆ ಕನಿಷ್ಠ 250 ಮಾದರಿ ಪಡೆಯಲಿ. ಕಾಗದದ ಮೇಲಾದರೆ ವೇಗವನ್ನು 25ರಿಂದ 50 ಮಿ.ಮೀ.ಗೆ ಏರಿಸಿ. 25ರ ವೇಗದಲ್ಲಿ ಒಂದು ಸಣ್ಣ ಚೌಕ 40 ಮಿಲಿಸೆಕೆಂಡ್. 800 ಮಿ.ಸೆ. ಅಂತರವನ್ನು ಒಂದೇ ಚೌಕ ಹೆಚ್ಚು ಎಣಿಸಿದರೆ ಬಡಿತ 75ರ ಬದಲು 71 ಎಂದು ಬರುತ್ತದೆ. 10 ಮತ್ತು 15ರ ನಡುವೆ ಗೆರೆ ಎಳೆಯುವ ಪರೀಕ್ಷೆಯಲ್ಲಿ 4 ಬಡಿತದ ತಪ್ಪು ತೀರ್ಪನ್ನೇ ಬದಲಿಸುತ್ತದೆ.

ಹಂತ 1: ಸಾದಾ ಇಸಿಜಿಯಲ್ಲಿ ಕ್ಯೂಟಿ

ಹನ್ನೆರಡು ಲೀಡಿನ ಇಸಿಜಿ ತೆಗೆದು ಕ್ಯೂಟಿ ಅಂತರವನ್ನು, ಅಂದರೆ ಕ್ಯೂ ಅಲೆಯ ಆರಂಭದಿಂದ ಟಿ ಅಲೆಯ ಕೊನೆಯವರೆಗಿನ ಸಮಯವನ್ನು, ಕೈಯಾರೆ ಅಳೆಯಿರಿ. ಯಂತ್ರ ಮುದ್ರಿಸಿದ ಅಂಕಿಯನ್ನು ನಂಬಿ ಕೂರಬೇಡಿ. ಲೀಡ್ 2 ಅಥವಾ ವಿ5 ಆರಿಸಿ. ಟಿ ಅಲೆಯ ಇಳಿಜಾರಿನ ಅತಿ ಕಡಿದಾದ ಜಾಗಕ್ಕೆ ಸ್ಪರ್ಶಕ ಗೆರೆ ಎಳೆದು, ಅದು ಮೂಲರೇಖೆಯನ್ನು ಸೇರುವಲ್ಲಿ ಕೊನೆ ಎಂದು ಗುರುತಿಸಿ. ಹಿಂದೆಯೇ ಬರುವ ಸಣ್ಣ ಯು ಅಲೆಯನ್ನು ಸೇರಿಸಿಕೊಳ್ಳಬೇಡಿ.

ಬಡಿತಕ್ಕೆ ತಕ್ಕಂತೆ ಸರಿಪಡಿಸುವಾಗ ಎಡವುವವರು ಬಹಳ. ಬ್ಯಾಜೆಟ್ ಸೂತ್ರದಲ್ಲಿ ಕ್ಯೂಟಿಯನ್ನು ಆರ್-ಆರ್ ಅಂತರದ (ಪಕ್ಕಪಕ್ಕದ ಎರಡು ಬಡಿತಗಳ ನಡುವಿನ ಸೆಕೆಂಡುಗಳ) ವರ್ಗಮೂಲದಿಂದ ಭಾಗಿಸುತ್ತಾರೆ, ಫ್ರಿಡೆರಿಷಿಯಾ ಸೂತ್ರದಲ್ಲಿ ಘನಮೂಲದಿಂದ. ಎರಡೂ 1920ರವು. ಎದೆಬಡಿತ 100, ಕ್ಯೂಟಿ 360 ಮಿ.ಸೆ. ಎಂದುಕೊಳ್ಳಿ. ಆರ್-ಆರ್ 0.6 ಸೆಕೆಂಡ್. ಬ್ಯಾಜೆಟ್ ಪ್ರಕಾರ 465, ಫ್ರಿಡೆರಿಷಿಯಾ ಪ್ರಕಾರ 427. ಒಂದೇ ಹೃದಯ, ಒಂದು ಸೂತ್ರದಲ್ಲಿ ರೋಗಿ, ಇನ್ನೊಂದರಲ್ಲಿ ಆರೋಗ್ಯವಂತ! ಬಡಿತ 90 ದಾಟಿದರೆ ಬ್ಯಾಜೆಟ್ ಸೂತ್ರ ಬಿಡಿ. ಗಂಡಸರಲ್ಲಿ 450, ಹೆಂಗಸರಲ್ಲಿ 460 ಮಿ.ಸೆ. ದಾಟಿದರೆ ಉದ್ದ. 500 ಮುಟ್ಟಿದರೆ ಉಳಿದ ಪರೀಕ್ಷೆಗಳನ್ನು ಬದಿಗಿಟ್ಟು ಪೊಟ್ಯಾಸಿಯಂ, ಮೆಗ್ನೀಸಿಯಂ, ಮಾತ್ರೆಗಳ ಪಟ್ಟಿ ನೋಡಿ, ಅದೇ ದಿನ ತಜ್ಞರಿಗೆ ತಿಳಿಸಿ.

ಹಂತ 2: ಐದು ನಿಮಿಷದ ವಿಶ್ರಾಂತಿ ದಾಖಲೆ

ಮಲಗಿದಂತೆಯೇ, ಮಾತಾಡದೆ, ತಾನಾಗಿ ಉಸಿರಾಡುತ್ತ 5 ನಿಮಿಷ ಇಸಿಜಿ ಓಡಿಸಿ. ಇದರಿಂದ ಆರ್‌ಎಂಎಸ್‌ಎಸ್‌ಡಿ ಲೆಕ್ಕ ಹಾಕುತ್ತೇವೆ. ಪಕ್ಕಪಕ್ಕದ ಅಂತರಗಳ ವ್ಯತ್ಯಾಸ ತೆಗೆದು, ಅವುಗಳ ವರ್ಗಗಳ ಸರಾಸರಿ ಮಾಡಿ, ವರ್ಗಮೂಲ ಹಿಡಿದರೆ ಸಿಗುವ ಅಂಕಿ ಅದು. ವೇಗಸ್ ಹತೋಟಿಯ ಕನ್ನಡಿ ಎನ್ನಬಹುದು.

ಅಂತರಗಳು 810, 850, 830, 870, 840 ಇದ್ದರೆ ವ್ಯತ್ಯಾಸಗಳು 40, 20, 40, 30. ವರ್ಗಗಳ ಸರಾಸರಿ 1,125, ವರ್ಗಮೂಲ ಸುಮಾರು 34 ಮಿ.ಸೆ. ಈಗ ನಡುವೆ ಒಂದೇ ಒಂದು ಅಕಾಲಿಕ ಬಡಿತ ನುಸುಳಲಿ: 810, 850, 520, 1180, 840. ಅದೇ ಲೆಕ್ಕ ಈಗ 407 ಕೊಡುತ್ತದೆ! ವೇಗಸ್ ಅದ್ಭುತವಾಗಿದೆ ಎಂದು ತಂತ್ರಾಂಶ ಹೊಗಳುತ್ತದೆ, ನಿಜದಲ್ಲಿ ಆಗಿದ್ದು ಲಯದ ಎಡವಟ್ಟು. ಹಾಗಾಗಿ ಅಂಕಿ ನೋಡುವ ಮೊದಲು ಇಡೀ ಪಟ್ಟಿಯನ್ನು ಕಣ್ಣಾರೆ ನೋಡಿ, ಸೈನಸ್ ಅಲ್ಲದ, ಅಂದರೆ ಹೃದಯದ ಸಹಜ ಲಯಕೇಂದ್ರದಿಂದ ಹೊರಡದ ಬಡಿತಗಳನ್ನೂ ತಂತಿ ಅಲುಗಿದ ಗುರುತುಗಳನ್ನೂ ತೆಗೆದುಹಾಕಿ. ಕೈಗಡಿಯಾರದಂಥ ಸಾಧನಗಳು ಹೃದಯದ ವಿದ್ಯುತ್ತನ್ನಲ್ಲ, ಮಣಿಕಟ್ಟಿನ ರಕ್ತದ ಅಲೆಯನ್ನು ಬೆಳಕಿನಿಂದ ಅಳೆಯುತ್ತವೆ. ಕೈ ಅಲುಗಿದರೂ ಅವು ತಪ್ಪುತ್ತವೆ. ಒಬ್ಬರದೇ ದಿನದಿನದ ಏರಿಳಿತ ಗಮನಿಸಲು ಅವು ಸಾಕು, ಅಪಾಯದ ತೀರ್ಪಿಗೆ ಸಾಲವು.

ಆವರ್ತನಗಳ ವಿಶ್ಲೇಷಣೆಯಲ್ಲಿ ಒಂದು ಹೊಂಡವಿದೆ. 1996ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ತಜ್ಞರ ಕಾರ್ಯಪಡೆ ನಿಗದಿಪಡಿಸಿದಂತೆ 0.04–0.15 ಹರ್ಟ್ಸ್ ಕೆಳ ಪಟ್ಟಿ, 0.15–0.40 ಹರ್ಟ್ಸ್ ಮೇಲ್ಪಟ್ಟಿ. ಮೇಲ್ಪಟ್ಟಿ ಅಂದರೆ ನಿಮಿಷಕ್ಕೆ 9ರಿಂದ 24 ಉಸಿರು. ರೋಗಿ ನಿಧಾನವಾಗಿ ನಿಮಿಷಕ್ಕೆ 6 ಬಾರಿ ಉಸಿರಾಡಿದರೆ ಆ ಏರಿಳಿತವೆಲ್ಲ 0.1 ಹರ್ಟ್ಸ್‌ಗೆ, ಅಂದರೆ ಕೆಳ ಪಟ್ಟಿಗೆ ಜಾರುತ್ತದೆ. ಪ್ರಶಾಂತವಾಗಿ ಮಲಗಿದವರಿಗೆ ಯಂತ್ರ 'ಸಿಂಪಥೆಟಿಕ್ ಹೆಚ್ಚು' ಎಂಬ ಹಣೆಪಟ್ಟಿ ಹಚ್ಚುತ್ತದೆ. ಎರಡು ಪಟ್ಟಿಗಳ ಅನುಪಾತವನ್ನು ನರಗಳ ಸಮತೋಲನದ ತಕ್ಕಡಿ ಎಂದು ಓದುವುದನ್ನು ಬಿಡುವುದೇ ಮೇಲು.

ಹಂತ 3: ಆಳವಾದ ಉಸಿರು

ಇಡೀ ಸರಣಿಯಲ್ಲಿ ಒಂದೇ ಪರೀಕ್ಷೆ ಆರಿಸಿ ಎಂದರೆ ಇದನ್ನೇ ಆರಿಸಬೇಕು. ಖರ್ಚಿಲ್ಲ, ಅಪಾಯವಿಲ್ಲ, ವೇಗಸ್ ಹಾನಿಯನ್ನು ಬೇಗ ಹಿಡಿಯುತ್ತದೆ.

1. ಕೂರಿಸಿ ಅಥವಾ ತಲೆ ಸ್ವಲ್ಪ ಎತ್ತರಿಸಿ ಮಲಗಿಸಿ. 5 ಸೆಕೆಂಡ್ ಉಸಿರು ಒಳಗೆ, 5 ಸೆಕೆಂಡ್ ಹೊರಗೆ, ನಿಮಿಷಕ್ಕೆ 6 ಬಾರಿ. ನೀವೇ ಕೈ ಮೇಲೆ ಕೆಳಗೆ ಆಡಿಸುತ್ತ ತಾಳ ಕೊಡಿ.
2. ಒಂದೆರಡು ಸುತ್ತು ಅಭ್ಯಾಸ ಮಾಡಿಸಿ, ಸ್ವಲ್ಪ ಬಿಡುವು ಕೊಟ್ಟು, ಒಂದು ನಿಮಿಷ ದಾಖಲಿಸಿ.
3. ಪ್ರತಿ ಉಸಿರಿನ ಸುತ್ತಿನಲ್ಲಿ ಅತಿ ಗಿಡ್ಡ ಮತ್ತು ಅತಿ ಉದ್ದದ ಆರ್-ಆರ್ ಹುಡುಕಿ, 60,000ವನ್ನು ಅವುಗಳಿಂದ ಭಾಗಿಸಿ ಬಡಿತಕ್ಕೆ ತನ್ನಿ. 780 ಮಿ.ಸೆ. ಅಂದರೆ 77, 1,020 ಅಂದರೆ 59, ವ್ಯತ್ಯಾಸ 18. ಹೀಗೆ ಆರು ಸುತ್ತಿನ ಸರಾಸರಿ ತೆಗೆಯಿರಿ.

15 ಅಥವಾ ಹೆಚ್ಚಿದ್ದರೆ ಸಹಜ, 11–14 ಗಡಿರೇಖೆ, 10 ಅಥವಾ ಕಡಿಮೆ ಅಸಹಜ. ಆದರೆ ವಯಸ್ಸಾದಂತೆ ಈ ಏರಿಳಿತ ತಾನಾಗಿ ಕುಗ್ಗುತ್ತದೆ. ಉದ್ದದ ಅಂತರವನ್ನು ಗಿಡ್ಡದರಿಂದ ಭಾಗಿಸಿದ ಅನುಪಾತಕ್ಕೆ ಕೆಳಗಿನ ಮಿತಿ ಇಪ್ಪತ್ತರ ಆರಂಭದಲ್ಲಿ 1.17 ಇದ್ದರೆ, ಅರವತ್ತರ ಆರಂಭದಲ್ಲಿ 1.04. ಎಪ್ಪತ್ತು ದಾಟಿದವರ ಮೇಲೆ 15 ಬಡಿತದ ಅಳತೆಗೋಲು ಹಿಡಿದರೆ ಆರೋಗ್ಯವಂತರೂ ರೋಗಿಗಳ ಪಟ್ಟಿಗೆ ಸೇರುತ್ತಾರೆ.

ಕೆಡುವುದು ಎಲ್ಲಿ? ಉಸಿರು ಆಳವಾಗಿರದಿದ್ದರೆ ಅಂಕಿ ಕಡಿಮೆ ಬರುತ್ತದೆ. ಹುಮ್ಮಸ್ಸಿನಿಂದ ಎರಡು ಮೂರು ನಿಮಿಷ ಎಳೆದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಏರಿಳಿತ ಸಣ್ಣದಾಗುತ್ತದೆ, ತಲೆಯೂ ಸುತ್ತುತ್ತದೆ. ಒಂದು ನಿಮಿಷಕ್ಕೆ ನಿಲ್ಲಿಸಿ.

ಹಂತ 4: ವಲ್ಸಾಲ್ವಾ

ಬಾಯಿಗೆ ಹಿಡಿಯುವ ನಳಿಗೆಯನ್ನು ಒತ್ತಡಮಾಪಕಕ್ಕೆ ಜೋಡಿಸಿ. ಕೊಳವೆಗೆ ಸೂಜಿಯಷ್ಟು ಸಣ್ಣ ಸೋರುವ ತೂತು ಇರಲೇಬೇಕು. ತೂತಿಲ್ಲದಿದ್ದರೆ ರೋಗಿ ಗಂಟಲು ಮುಚ್ಚಿಕೊಂಡು ಬರೀ ಕೆನ್ನೆ ಉಬ್ಬಿಸಿ ಮುಳ್ಳನ್ನು 40ರಲ್ಲಿ ನಿಲ್ಲಿಸಬಲ್ಲರು, ಎದೆಗೆ ಒತ್ತಡವೇ ತಾಗಿರುವುದಿಲ್ಲ. 40 ಮಿ.ಮೀ. ಪಾದರಸದಲ್ಲಿ 15 ಸೆಕೆಂಡ್ ಊದಿ ಹಿಡಿಯಲಿ, ಆಮೇಲೆ ಬಿಟ್ಟು ಸಹಜವಾಗಿ ಉಸಿರಾಡಲಿ. ಬಿಟ್ಟ ಮೇಲೂ ಅರ್ಧ ನಿಮಿಷ ಇಸಿಜಿ ಓಡುತ್ತಿರಲಿ. 2–3 ನಿಮಿಷ ಬಿಡುವು ಕೊಟ್ಟು ಮೂರು ಬಾರಿ ಮಾಡಿಸಿ.

ತಿಣುಕುವಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಬಿಪಿ ಇಳಿಯುತ್ತದೆ, ಬಡಿತ ಏರುತ್ತದೆ. ಬಿಟ್ಟಾಗ ಕಟ್ಟಿದ್ದ ರಕ್ತ ನುಗ್ಗಿ ಬಿಪಿ ಮೇಲೆ ಹಾರುತ್ತದೆ, ವೇಗಸ್ ಬಡಿತವನ್ನು ಜಗ್ಗುತ್ತದೆ. ಬಿಟ್ಟ ನಂತರದ ಅತಿ ಉದ್ದ ಅಂತರವನ್ನು ತಿಣುಕುವಾಗಿನ ಅತಿ ಗಿಡ್ಡದರಿಂದ ಭಾಗಿಸಿ: 1.21 ಮೇಲಿದ್ದರೆ ಸಹಜ, 1.10 ಅಥವಾ ಕೆಳಗಿದ್ದರೆ ಅಸಹಜ.

ಹೃದಯ ವೈಫಲ್ಯ ಇರುವವರಲ್ಲಿ ಎದೆಯೊಳಗೆ ರಕ್ತ ಮೊದಲೇ ತುಂಬಿಕೊಂಡಿರುವುದರಿಂದ ತಿಣುಕಿದರೂ ಬಿಪಿ ಇಳಿಯುವುದಿಲ್ಲ, ಚೌಕಾಕಾರವಾಗಿ ಮೇಲೆಯೇ ನಿಲ್ಲುತ್ತದೆ. ಬಡಿತವೂ ಬದಲಾಗದು. ಅನುಪಾತ 1.05 ಬಂತೆಂದು ನರದ ಮೇಲೆ ಗೂಬೆ ಕೂರಿಸಬೇಡಿ, ತೊಂದರೆ ಪಂಪಿನದು.

ಹಂತ 5: ಎದ್ದು ನಿಲ್ಲುವುದು

ಕನಿಷ್ಠ 5, ಸಾಧ್ಯವಾದರೆ 10 ನಿಮಿಷ ಮಲಗಿಸಿ ಬಿಪಿ, ಬಡಿತ ಬರೆದುಕೊಳ್ಳಿ. 'ಏಳಿ' ಎಂದ ಕೂಡಲೇ ಮೂರು ನಾಲ್ಕು ಸೆಕೆಂಡಿನಲ್ಲಿ ನೇರ ನಿಲ್ಲಲಿ. ಮಂಚದ ಅಂಚಿನಲ್ಲಿ ಕೂತು ಚಪ್ಪಲಿ ಹುಡುಕುತ್ತ ಎದ್ದರೆ ಪರೀಕ್ಷೆ ಕೆಟ್ಟಿತು. ಏಳುವ ಕ್ಷಣವನ್ನು ಇಸಿಜಿಯಲ್ಲಿ ಗುರುತಿಸಿ. ಪಕ್ಕದಲ್ಲಿ ಹಿಡಿಯಲು ಒಬ್ಬರಿರಲಿ. ಬಿಪಿ ಪಟ್ಟಿ ಕಟ್ಟಿದ ತೋಳು ಎದೆಯ ಮಟ್ಟದಲ್ಲಿರಲಿ. ಜೋತುಬಿದ್ದ ತೋಳು ಬಿಪಿಯನ್ನು ಹೆಚ್ಚಾಗಿ ತೋರಿಸಿ ಇಳಿಕೆಯನ್ನು ಮುಚ್ಚಿಡುತ್ತದೆ.

ಎದ್ದ ಮೇಲೆ ಸುಮಾರು 15ನೇ ಬಡಿತಕ್ಕೆ ವೇಗ ತುದಿ ಮುಟ್ಟಿ, 30ನೇ ಬಡಿತದ ಹೊತ್ತಿಗೆ ನಿಧಾನವಾಗುತ್ತದೆ. ಎಣಿಸಿ ಸರಿಯಾಗಿ 15, 30ನ್ನೇ ಹಿಡಿಯುವ ಹಟ ಬೇಡ. ಆಸುಪಾಸಿನ ಅತಿ ಗಿಡ್ಡ, ಅತಿ ಉದ್ದ ಅಂತರ ತೆಗೆದು ಭಾಗಿಸಿ. 1.04 ಮೇಲಿದ್ದರೆ ಸಹಜ, 1.00 ಅಥವಾ ಕಡಿಮೆಯಾದರೆ ಅಸಹಜ. ಓರೆಮಂಚದಲ್ಲಿ ಕಟ್ಟಿ ಎತ್ತಿದರೆ ಈ ಅನುಪಾತ ಸಿಗುವುದಿಲ್ಲ, ರೋಗಿಯ ಕಾಲು ಹೊಟ್ಟೆಯ ಸ್ನಾಯುಗಳೇ ಬಿಗಿಯಾಗಬೇಕು.

ಬಿಪಿಯನ್ನು 1 ಮತ್ತು 3ನೇ ನಿಮಿಷದಲ್ಲಿ ನೋಡಿ. ಮೇಲಿನದು 20 ಅಥವಾ ಕೆಳಗಿನದು 10 ಮಿ.ಮೀ. ಇಳಿದರೆ ಅದು ನಿಂತಾಗಿನ ರಕ್ತದೊತ್ತಡ ಕುಸಿತ. ಕಾರಣ ನರವೋ ನೀರೋ ಎಂದು ತಿಳಿಯಲು ಬಡಿತ ನೋಡಿ. ಬಿಪಿ 40 ಇಳಿದು ಬಡಿತ 8 ಮಾತ್ರ ಏರಿದರೆ 8 ಭಾಗಿಸು 40, ಅಂದರೆ 0.2. ಈ ಅಂಕಿ 0.5ಕ್ಕಿಂತ ಕಡಿಮೆ ಇದ್ದರೆ ನರದ ದೋಷ. ಬಿಪಿ 25 ಇಳಿದು ಬಡಿತ 28 ಏರಿದರೆ ನರ ಗಟ್ಟಿಯಾಗಿದೆ. ನೀರಿನಂಶ, ರಕ್ತಸ್ರಾವ, ಮಾತ್ರೆಗಳ ಕಡೆ ನೋಡಿ. ಬೀಟಾ ಬ್ಲಾಕರ್ ನುಂಗುವವರಲ್ಲಿ ಈ ಲೆಕ್ಕ ನಡೆಯದು. ಬಿಪಿ ಇಳಿಯದೆ 10 ನಿಮಿಷದೊಳಗೆ ಬಡಿತ 30ಕ್ಕೂ ಹೆಚ್ಚು ಏರಿ ಹಾಗೇ ನಿಂತು, ತಿಂಗಳುಗಟ್ಟಲೆ ತಲೆಸುತ್ತು, ನಡುಕ ಇದ್ದರೆ ಪಾಟ್ಸ್ ಎಂಬ ಸ್ಥಿತಿಯನ್ನು ಯೋಚಿಸಬೇಕು. 12–19 ವಯಸ್ಸಿನವರಿಗೆ ಮಿತಿ 40. ಅದು ಬದುಕನ್ನು ಹೈರಾಣ ಮಾಡುತ್ತದೆ, ಆದರೆ ಮಾರಕ ಲಯದೋಷದ ಗುರುತಲ್ಲ.

ಮುಷ್ಟಿ ಬಿಗಿಯುವ ಪರೀಕ್ಷೆ ಕೊನೆಗಿರಲಿ. ಗರಿಷ್ಠ ಬಲದ ಶೇ. 30ರಷ್ಟನ್ನು 3–5 ನಿಮಿಷ ಹಿಡಿದಾಗ ಕೆಳಗಿನ ಬಿಪಿ 16 ಏರಬೇಕು, 10ಕ್ಕೆ ನಿಂತರೆ ಅಸಹಜ. ಹಿಡಿತ ಸಡಿಲಿಸಿದರೆ ಅಂಕಿಗೆ ಬೆಲೆಯಿಲ್ಲ, ಹಲವರು ಸಡಿಲಿಸುತ್ತಾರೆ.

ಮಧುಮೇಹಿಗಳಲ್ಲಿ ಬಡಿತದ ಮೂರು ಪರೀಕ್ಷೆಗಳ (ಆಳವಾದ ಉಸಿರು, ವಲ್ಸಾಲ್ವಾ, ಎದ್ದು ನಿಲ್ಲುವುದು) ಪೈಕಿ ಒಂದು ಕೆಟ್ಟರೆ ಶಂಕೆ, ಎರಡು ಕೆಟ್ಟರೆ ಹೃದಯದ ನರಹಾನಿ ಖಚಿತ, ಜೊತೆಗೆ ನಿಂತಾಗ ಬಿಪಿ ಕುಸಿದರೆ ಹಾನಿ ಮುಂದುವರಿದಿದೆ ಎಂದರ್ಥ. ಇಂಥವರಿಗೆ ಹೃದಯಾಘಾತ ನೋವಿಲ್ಲದೆಯೂ ಆಗಬಹುದು. ಅರಿವಳಿಕೆ ಕೊಡುವವರಿಗೆ ಈ ವರದಿ ತಪ್ಪದೆ ತೋರಿಸಬೇಕು.

ಹಂತ 6: 24 ಗಂಟೆಯ ಹೋಲ್ಟರ್

ಇಲ್ಲಿಂದ ಅಪಾಯದ ಲೆಕ್ಕ ಶುರು. ಹೋಲ್ಟರ್ ಅಂದರೆ ಮೈಗೆ ಕಟ್ಟಿಕೊಂಡು ಓಡಾಡುವ ಸಣ್ಣ ಇಸಿಜಿ ಯಂತ್ರ. ರಾತ್ರಿಯಿಡೀ ಸೇರಿ ಕನಿಷ್ಠ 18 ಗಂಟೆ ಶುದ್ಧ ದಾಖಲೆ ಬೇಕು. ಎಸ್‌ಡಿಎನ್‌ಎನ್ ಅಂದರೆ ಸಹಜ ಬಡಿತಗಳ ಅಂತರಗಳ ಪ್ರಮಾಣ ವಿಚಲನೆ. ಆರೋಗ್ಯವಂತರಲ್ಲಿ 24 ಗಂಟೆಗೆ 141 ಮಿ.ಸೆ. ಸುತ್ತಮುತ್ತ, ಅದರಿಂದ 39ರಷ್ಟು ಆಚೀಚೆ. 100ಕ್ಕಿಂತ ಕಡಿಮೆಯಾದರೆ ಕುಗ್ಗಿದೆ, 50ಕ್ಕಿಂತ ಕಡಿಮೆಯಾದರೆ ತೀರಾ ಕುಗ್ಗಿದೆ. ಐದು ನಿಮಿಷದ ಎಸ್‌ಡಿಎನ್‌ಎನ್ 45 ಬಂದವರನ್ನು ಈ ಪಟ್ಟಿಯಲ್ಲಿಟ್ಟು ಹೆದರಿಸಬೇಡಿ. ದಾಖಲೆ ಉದ್ದವಾದಷ್ಟೂ ಅಂಕಿ ದೊಡ್ಡದಾಗುತ್ತದೆ.

1987ರಲ್ಲಿ ಕ್ಲೈಗರ್ ಮತ್ತು ಸಂಗಡಿಗರು ಹೃದಯಾಘಾತವಾದ 808 ಮಂದಿಯನ್ನು ಅನುಸರಿಸಿ, 50ಕ್ಕಿಂತ ಕೆಳಗಿದ್ದವರಲ್ಲಿ ಸಾವಿನ ಅಪಾಯ 100ಕ್ಕಿಂತ ಮೇಲಿದ್ದವರ 5.3 ಪಟ್ಟು ಎಂದು ಕಂಡರು.

ಅದೇ ಹೋಲ್ಟರಿನಿಂದ ಇನ್ನೊಂದು ಸೊಗಸಾದ ಮಾಹಿತಿ ತೆಗೆಯಬಹುದು. ಹೃತ್ಕುಕ್ಷಿಯ ಅಕಾಲಿಕ ಬಡಿತವೊಂದು ಬಿದ್ದಾಗ ಬಿಪಿ ಕ್ಷಣಕಾಲ ತಗ್ಗುತ್ತದೆ. ನರಗಳು ಚುರುಕಾಗಿದ್ದರೆ ಮುಂದಿನ ಬಡಿತಗಳು ಬೇಗ ಬಂದು ಆಮೇಲೆ ನಿಧಾನವಾಗುತ್ತವೆ. ಇದೇ ಲಯದ ತಳಮಳ, 1999ರಲ್ಲಿ ಗೆಯಾರ್ಗ್ ಷ್ಮಿಟ್ ತಂಡ ವಿವರಿಸಿದ್ದು. ಅಕಾಲಿಕ ಬಡಿತದ ಹಿಂದಿನ ಎರಡು ಅಂತರ 820, 830. ನಂತರದ ಬಿಡುವು ಬಿಟ್ಟು ಮುಂದಿನ ಎರಡು 800, 790 ಎನ್ನಿ. 1,590ರಿಂದ 1,650 ಕಳೆದು 1,650ರಿಂದ ಭಾಗಿಸಿದರೆ ಶೇ. ಮೈನಸ್ 3.6. ಸೊನ್ನೆಗಿಂತ ಕಡಿಮೆ, ಹಾಗಾಗಿ ಸಹಜ. ಮುಂದಿನ ನಿಧಾನಗತಿಯ ಇಳಿಜಾರು ಪ್ರತಿ ಬಡಿತಕ್ಕೆ 2.5 ಮಿ.ಸೆ. ಮೀರಬೇಕು. ಎರಡೂ ಕೆಟ್ಟರೆ ಅಪಾಯದ ಗುಂಪು. ಸರಾಸರಿಗೆ ಕನಿಷ್ಠ ಐದು ಒಳ್ಳೆಯ ಅಕಾಲಿಕ ಬಡಿತ ಬೇಕು. ಅವೇ ಇಲ್ಲದವರಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲ, ಅದು ರೋಗಿಯ ಅದೃಷ್ಟ.

ಹಂತ 7: ಟ್ರೆಡ್‌ಮಿಲ್ ನಿಂತ ಮೇಲಿನ ನಿಮಿಷಗಳು

ಗರಿಷ್ಠ ಬಡಿತದಿಂದ ಒಂದು ನಿಮಿಷದಲ್ಲಿ ಎಷ್ಟು ಇಳಿಯಿತು ನೋಡಿ. ನಿಧಾನವಾಗಿ ನಡೆಸುತ್ತ ತಣಿಸಿದರೆ 12 ಅಥವಾ ಕಡಿಮೆ ಇಳಿಕೆ ಅಸಹಜ, ಕೂಡಲೇ ಮಲಗಿಸಿದರೆ 18 ಅಥವಾ ಕಡಿಮೆ. ಯಾವ ರೀತಿ ತಣಿಸಿದಿರಿ ಎಂದು ಬರೆಯದ ವರದಿಯಿಂದ ಪ್ರಯೋಜನವಿಲ್ಲ. ನಾಲ್ಕನೇ ನಿಮಿಷದ ಕ್ಯೂಟಿಯನ್ನೂ ಅಳೆಯಿರಿ. ಸರಿಪಡಿಸಿದ ಅಂಕಿ 480 ದಾಟಿದರೆ ವಂಶವಾಹಿ ಕ್ಯೂಟಿ ದೋಷದ ಸುಳಿವು. ಅಡ್ರಿನಲಿನ್‌ನಂಥ ಕ್ಯಾಟೆಕೊಲಮಿನ್‌ನಿಂದ ಕೆರಳುವ ಲಯದೋಷದಲ್ಲಂತೂ ವಿಶ್ರಾಂತಿಯ ಇಸಿಜಿ ಪೂರ್ತಿ ಸಹಜವಾಗಿರುತ್ತದೆ, ವ್ಯಾಯಾಮದಲ್ಲೇ ಬಯಲಾಗುತ್ತದೆ.

ಎಲ್ಲವನ್ನೂ ಜೋಡಿಸುವಾಗ

ಮೊದಲು ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಎಡ ಹೃತ್ಕುಕ್ಷಿ ಪ್ರತಿ ಬಡಿತಕ್ಕೆ ಹೊರಹಾಕುವ ರಕ್ತದ ಪ್ರಮಾಣ ನೋಡಿ. ಶೇ. 35 ಅಥವಾ ಕಡಿಮೆ ಇದ್ದರೆ ಒಣಹುಲ್ಲು ಹೇರಳ. ಹೃದಯಾಘಾತವಾಗಿ 40 ದಿನ ಕಳೆದು, 3 ತಿಂಗಳು ಪೂರ್ಣ ಔಷಧಿ ಕೊಟ್ಟರೂ ಸುಧಾರಿಸದಿದ್ದರೆ ದೇಹದೊಳಗೆ ಅಳವಡಿಸುವ, ಮಾರಕ ಲಯವನ್ನು ವಿದ್ಯುತ್ ಆಘಾತದಿಂದ ಸರಿಪಡಿಸುವ ಡಿಫಿಬ್ರಿಲೇಟರ್ ಬಗ್ಗೆ ತಜ್ಞರು ಯೋಚಿಸುತ್ತಾರೆ. ಆ ನಿರ್ಧಾರ ಎಸ್‌ಡಿಎನ್‌ಎನ್ ಮೇಲೆ ನಿಂತಿಲ್ಲ, ಕಾರಣವೂ ಇದೆ. 2004ರ ಡೈನಮಿಟ್ ಅಧ್ಯಯನದಲ್ಲಿ ಹೃದಯಾಘಾತದ 6ರಿಂದ 40 ದಿನದೊಳಗಿನ, ಪಂಪು ದುರ್ಬಲವಾದ, ಬಡಿತದ ಏರಿಳಿತ ಕುಗ್ಗಿದ 674 ಮಂದಿಯನ್ನು ಆರಿಸಿ ಅರ್ಧದಷ್ಟು ಜನರಿಗೆ ಡಿಫಿಬ್ರಿಲೇಟರ್ ಹಾಕಿದರು. ಲಯದೋಷದ ಸಾವು ಕಡಿಮೆಯಾಯಿತು, ಬೇರೆ ಕಾರಣದ ಸಾವು ಹೆಚ್ಚಾಯಿತು, ಒಟ್ಟು ಸಾವು ಇಳಿಯಲಿಲ್ಲ. ಕುಗ್ಗಿದ ಏರಿಳಿತ ದೇಹ ಬಳಲಿದೆ ಎಂದು ಹೇಳುತ್ತದೆ, ಸಾವು ಯಾವ ದಾರಿಯಿಂದ ಬರುತ್ತದೆ ಎಂದಲ್ಲ. ಕಿಡಿಯ ವಿಷಯದಲ್ಲೂ ಹಾಗೆಯೇ: 1989ರ ಕಾಸ್ಟ್ ಅಧ್ಯಯನದಲ್ಲಿ ಎನ್‌ಕೈನೈಡ್, ಫ್ಲೆಕೈನೈಡ್ ಅಕಾಲಿಕ ಬಡಿತಗಳನ್ನು ಅಡಗಿಸಿದವು, ಸಾವನ್ನು ಮಾತ್ರ ಹೆಚ್ಚಿಸಿದವು.

ಗಾಳಿಯ ದಿಕ್ಕನ್ನು ರೋಗಿಯ ಮಾತಿನಲ್ಲೇ ಕೇಳಿ. ಈಜುವಾಗ ಕುಸಿದರೆ ಮೊದಲ ಬಗೆಯ ಕ್ಯೂಟಿ ದೋಷ, ಅಲಾರಾಂ ಸದ್ದಿಗೆ ಬೆಚ್ಚಿದಾಗಾದರೆ ಎರಡನೆಯದು, ನಿದ್ದೆಯಲ್ಲಾದರೆ ಮೂರನೆಯದು ಅಥವಾ ಬ್ರುಗಾಡಾ ಎಂಬ ವಂಶವಾಹಿ ಲಯದೋಷ. ಜ್ವರ ಬಂದಾಗ ಹೆಚ್ಚುವುದೂ ಬ್ರುಗಾಡಾದ ಲಕ್ಷಣ. ರಾತ್ರಿ ಅಥವಾ ಊಟದ ನಂತರ ಮಾತ್ರ ಶುರುವಾಗುವ ಏಟ್ರಿಯಲ್ ಫಿಬ್ರಿಲೇಷನ್ ವೇಗಸ್ ಕಡೆ ಬೊಟ್ಟು ಮಾಡುತ್ತದೆ. ಅಂಥವರಲ್ಲಿ ಬೀಟಾ ಬ್ಲಾಕರ್ ಕೆಲವೊಮ್ಮೆ ತೊಂದರೆಯನ್ನು ಹೆಚ್ಚಿಸುತ್ತದೆ.

ವರದಿಯಲ್ಲಿ ಅಂಕಿಯ ಪಕ್ಕದಲ್ಲೇ ವಯಸ್ಸು, ಗಂಟೆ, ಕೊನೆಯ ಊಟ, ಮಾತ್ರೆಗಳು, ತೆಗೆದುಹಾಕಿದ ಬಡಿತಗಳ ಶೇಕಡಾವಾರು, ಬಳಸಿದ ಕ್ಯೂಟಿ ಸೂತ್ರ ಬರೆಯಿರಿ. ಗಡಿರೇಖೆಯ ಫಲಿತಾಂಶ ಬಂದರೆ ಇನ್ನೊಂದು ದಿನ, ಅದೇ ಹೊತ್ತಿಗೆ, ಅದೇ ಕೋಣೆಯಲ್ಲಿ ಮತ್ತೆ ಮಾಡಿ.